ಹೆಗಲೆತ್ತರದ ಸಿಂಹ

ಶ್ರೀನಗರದ ಬಸ್ ಸ್ಟಾಪಿನಿಂದ ಎರಡು ಕ್ರಾಸ್ ಒಳಗೆ, ಇಸ್ತ್ರಿ ಗಾಡಿಯ ಎದುರಿಗೆ, ಒಂದು ತಗಡಿನ ಶೆಡ್ಡಿದೆ. ಅಲ್ಲಿಗೆ ರುದ್ರಮ್ಮನನ್ನು ಹುಡುಕಿಕೊಂಡು ಹೋಗುವವರಿಗೆ ಮೊದಲೇ ಹೇಳಿಬಿಡುತ್ತೇನೆ: ಆಯಮ್ಮ ನೆಲದ ಮೇಲೆ ಅಂಗಾತ ಬಿದ್ದುಕೊಂಡಿದ್ದರೆ ಗಾಬರಿಯಾಗಬೇಡಿ. ತಲೆ ಸುತ್ತಿ ಬಿದ್ದಿದ್ದಾಳೆಂದು ಮುಖಕ್ಕೆ ನೀರು ಚಿಮುಕಿಸಲು ಹೋಗಬೇಡಿ. ಕೊರಿಯರಿನವನೊಬ್ಬ ಹಾಗೆ ಮಾಡಿ ಚೆನ್ನಾಗಿ ಬೈಸಿಕೊಂಡು ಹೋಗಿದ್ದಾನೆ. ಆಕೆ ಕೆಲಸದಲ್ಲಿರುತ್ತಾಳೆ. ಮರದ ಹೊಟ್ಟಿನ ಮೇಲೆ ಬೆನ್ನು ಚೆಲ್ಲಿ, ಟವಲ್ಲೊಂದನ್ನು ಮಡಚಿ ತಲೆಯಡಿ ಇಟ್ಟುಕೊಂಡು, ತಾನು ಕೆತ್ತುತ್ತಿರುವ ಪ್ರಾಣಿಯ ಗದ್ದವನ್ನು ಕೆಳಗಿನಿಂದ ನೋಡುತ್ತಿರುತ್ತಾಳೆ.

ಆಕೆ ಮಾಡುವುದು ದೇವರ ವಾಹನ. ಉತ್ಸವದ ದಿನ ಗುಡಿಯಿಂದ ಹೊರಬರುವ ದೇವರನ್ನು ಬೆನ್ನ ಮೇಲೆ ಕೂರಿಸಿಕೊಂಡು ಬೀದಿಗೆ ಬರುತ್ತದಲ್ಲ, ಗರುಡ, ನಂದಿ, ಕುದುರೆ, ಸಿಂಹ, ಆ ಮರದ ವಾಹನ. ಬೀದಿಯಲ್ಲಿ ನಿಂತವರು ಹೂವು ನೋಡುತ್ತಾರೆ, ಸೀರೆ ನೋಡುತ್ತಾರೆ, ಕೈ ಮುಗಿದು ಮೊಬೈಲ್ ತೆಗೆಯುತ್ತಾರೆ. ಅಡಿಯಲ್ಲಿರುವ ಸಿಂಹವನ್ನು ಯಾರು ಕೆತ್ತಿದರು ಎಂದು ಕೇಳಿದವರನ್ನು ನಾನಂತೂ ಕಂಡಿಲ್ಲ. ಕೇಳಲಿ ಬಿಡಲಿ, ರುದ್ರಮ್ಮನಿಗೆ ಅದರ ಬಗ್ಗೆ ಬೇಜಾರಿಲ್ಲ. ಆಕೆಯ ಜಂಭ ಆಕೆಗೇ ಸಾಕಾಗುವಷ್ಟಿದೆ.

ರುದ್ರಮ್ಮನಿಗೀಗ ಐವತ್ತೇಳು. ಮನೆ ಸಿದ್ದಾಪುರದ ವಠಾರವೊಂದರಲ್ಲಿ. ಗಂಡ ಯಲ್ಲಯ್ಯ ಮೂವತ್ತು ವರ್ಷ ಸಾ ಮಿಲ್ಲಿನಲ್ಲಿ ದಿಮ್ಮಿ ಹೊತ್ತವನು. ಈಗ ಹೆಂಡತಿಯ ಶೆಡ್ಡಿನಲ್ಲಿ ಟೀ ಕಾಯಿಸುವುದು, ಉಳಿ ಮಸೆಯುವುದು, ನಡುನಡುವೆ ಬೈಸಿಕೊಳ್ಳುವುದು, ಈ ಮೂರು ಕೆಲಸಗಳನ್ನು ನಗುನಗುತ್ತಾ ಮಾಡಿಕೊಂಡಿದ್ದಾನೆ. ಆಕೆಯ ತವರಿನಲ್ಲಾಗಲಿ ಗಂಡನ ಮನೆಯಲ್ಲಾಗಲಿ ಉಳಿ ಹಿಡಿದವರು ಯಾರೂ ಇರಲಿಲ್ಲ. ಹತ್ತೊಂಬತ್ತನೇ ವಯಸ್ಸಿಗೆ ಇದೇ ಶೆಡ್ಡಿಗೆ ಎಮರಿ ಪೇಪರ್ ಉಜ್ಜುವ ಕೂಲಿಗೆ ಬಂದವಳು ಆಕೆ. ಆಗ ಶೆಡ್ಡು ಒಬ್ಬ ಹಿರಿಯ ಶಿಲ್ಪಿಯದು. ಇಡೀ ಶ್ರೀನಗರ ಅವರನ್ನು ಆಚಾರ್ರು ಎನ್ನುತ್ತಿತ್ತು.

ಉಜ್ಜುವುದನ್ನು ನೀವು ಹಗುರವಾಗಿ ತಿಳಿಯಬೇಡಿ. ಕೆತ್ತಿದವನ ಕಣ್ಣಿಗೆ ಕಾಣದ ತಪ್ಪು ಉಜ್ಜುವವಳ ಬೆರಳಿಗೆ ಸಿಗುತ್ತದೆ. ಹನ್ನೊಂದು ವರ್ಷ ಉಜ್ಜಿದ ಮೇಲೆ ಒಂದು ದಿನ ರುದ್ರಮ್ಮ ತಡೆಯಲಾರದೆ, "ಆಚಾರ್ರೇ, ಗರುಡನ ಎಡಗೆನ್ನೆ ದಪ್ಪ ಆಗೈತೆ" ಎಂದುಬಿಟ್ಟಳು. ಆಚಾರ್ರು ಅಳತೆ ಹಿಡಿದು ನೋಡಿದರು. ಒಂದು ನೂಲಿನಷ್ಟು ದಪ್ಪವೇ ಆಗಿತ್ತು. ಆ ದಿನವೆಲ್ಲ ಮುಖ ಗಂಟಿಕ್ಕಿಕೊಂಡು ಕೂತಿದ್ದರು. ಮಾರನೇ ದಿನ ಬಂದವರೇ ಆಕೆಯ ಕೈಗೆ ಉಳಿ ಕೊಟ್ಟು, "ಹೇಳೋದು ಸುಲಭ. ತಗೋ, ತೆಗಿ ನೋಡೋಣ" ಎಂದರು. ಆಕೆ ತೆಗೆದಳು. ಅವತ್ತಿನಿಂದ ಎಮರಿ ಪೇಪರ್ ಬೇರೆಯವರ ಕೈಗೆ ಹೋಯಿತು.

ಆಚಾರ್ರು ಕಲಿಸಿದ ವಿದ್ಯೆಯಲ್ಲಿ ಮುಖ್ಯವಾದದ್ದು ಒಂದೇ ಮಾತು. ವಾಹನವನ್ನು ಮಾಡುವವರು ಕೂತು ಮಾಡುತ್ತಾರೆ, ಆದರೆ ಅದನ್ನು ನೋಡುವವರು ಕೆಳಗೆ ನಿಂತು ತಲೆಯೆತ್ತಿ ನೋಡುತ್ತಾರೆ. ಎಂಟು ಜನರ ಹೆಗಲ ಮೇಲೆ ಹೋಗುವ ಸಿಂಹದ ತಲೆ ಆಳೆತ್ತರಕ್ಕಿಂತ ಮೇಲಿರುತ್ತದೆ. ಅದರ ಮುಖವನ್ನು ನೇರವಾಗಿ ಕೆತ್ತಿದರೆ ಅದು ಎದುರು ಮನೆಯ ಟೆರೇಸಿನಲ್ಲಿ ಒಣಗಿದ ಬಟ್ಟೆ ನೋಡುತ್ತದೆಯೇ ಹೊರತು ಬೀದಿಯಲ್ಲಿ ನಿಂತ ಭಕ್ತರನ್ನಲ್ಲ. ಅದಕ್ಕೇ ಹುಬ್ಬನ್ನು ಮುಂದಕ್ಕೆ ಚಾಚಿಸಬೇಕು, ಕಣ್ಣನ್ನು ಕೆಳಕ್ಕೆ ಇಳಿಸಬೇಕು, ತಲೆಯನ್ನು ಮೈಗಿಂತ ಒಂದು ಹಿಡಿ ದೊಡ್ಡದು ಮಾಡಬೇಕು. ನೆಲದ ಮೇಲಿಟ್ಟು ನೋಡಿದರೆ ಅದು ವಿಕಾರ. ಹೆಗಲಿಗೇರಿದರೆ ಸರಿಯಾಗುತ್ತದೆ. ರುದ್ರಮ್ಮ ಹೊಟ್ಟಿನ ಮೇಲೆ ಮಲಗಿ ನೋಡುವುದು ಇದನ್ನೇ.

ಆಚಾರ್ರು ತೀರಿಕೊಂಡು ಮೂರು ವರ್ಷವಾಯಿತು. ಶೆಡ್ಡು, ಉಳಿಗಳು, ಕೊಡತಿ ಎಲ್ಲ ರುದ್ರಮ್ಮನ ಪಾಲಿಗೆ ಬಂದವು, ಕೆಲಸ ಮಾತ್ರ ಬರಲಿಲ್ಲ. ಬಂದದ್ದೆಲ್ಲ ರಿಪೇರಿ. ನಂದಿಯ ಮುರಿದ ಕೊಂಬು, ಕುದುರೆಯ ಕಿವಿ, ಹನುಮಂತನ ಬಾಲ. ಇಡೀ ವಾಹನವೊಂದನ್ನು ಆಕೆಯ ಕೈಗೆ ಒಪ್ಪಿಸಲು ಯಾವ ಗುಡಿಯವರಿಗೂ ಮನಸ್ಸು ಬರಲಿಲ್ಲ. ಕೊನೆಗೆ ಬನಶಂಕರಿ ಕಡೆಯ ಹಳೇ ಊರಿನ ದೊಡ್ಡಮ್ಮನ ಗುಡಿಯವರು ಬಂದರು. ಅವರ ಸಿಂಹಕ್ಕೆ ಗೆದ್ದಲು ಹಿಡಿದಿತ್ತು. ಹೊಸದು ಬೇಕಾಗಿತ್ತು. ತಲೆಯಿಂದ ಬಾಲದವರೆಗೆ ರುದ್ರಮ್ಮನೊಬ್ಬಳೇ ಮಾಡುವ ಮೊದಲ ವಾಹನ ಅದು. ಅದು ಬೀದಿಗೆ ಹೋದರೆ ಆಕೆ ವಾಹನ ಮಾಡುವವಳು, ಹೋಗದಿದ್ದರೆ ಮುಂದೆಂದೂ ಕಿವಿ ಬಾಲ ಅಂಟಿಸುವವಳು. ಇದು ಆಕೆಗೂ ಗೊತ್ತಿತ್ತು, ಟೀ ಕಾಯಿಸುವ ಯಲ್ಲಯ್ಯನಿಗೂ ಗೊತ್ತಿತ್ತು.

ಅಳತೆಗೆಂದು ಗುಡಿಗೆ ಹೋದ ದಿನ ರುದ್ರಮ್ಮ ಎಲ್ಲವನ್ನೂ ಅಳೆದಳು. ಅಮ್ಮನ ಪೀಠ, ಬಾಗಿಲಿನ ಅಗಲ, ಹೊಸ್ತಿಲಿನ ಎತ್ತರ. ಉಗ್ರಾಣದ ಮೂಲೆಯಲ್ಲಿ ಹೊರುವ ತೊಲೆಗಳು ಎರಡು ಒರಗಿದ್ದವು. ಎಷ್ಟೋ ಜನರ ಹೆಗಲು ತಗುಲಿ ಅವು ನುಣ್ಣಗಾಗಿದ್ದವು. ಅವುಗಳ ಮೇಲೆ ಅಂಗೈ ಆಡಿಸಿದಳು, ಅವುಗಳನ್ನೂ ಅಳೆದಳು, ಬಂದಳು. ಐದು ತಿಂಗಳು ಕೆತ್ತಿದಳು. ಹಲಸಿನ ಮರ, ಹೊಟ್ಟೆ ಟೊಳ್ಳು, ಮುಖಕ್ಕೆ ಒಂದೇ ಗಟ್ಟಿ ತುಂಡು. ಮುಖ ಮುಗಿಯುವ ತನಕ ಅದನ್ನು ಹೊರಗಿನವರ ಕಣ್ಣಿಗೆ ಬೀಳಿಸಬಾರದೆಂಬುದು ಆಚಾರ್ರ ಕಾಲದ ಕಟ್ಟಳೆ. ಗುಡಿಯ ಕಾರ್ಯದರ್ಶಿ ವಿಜಯಕುಮಾರ್ ವಾಟ್ಸಾಪಿನಲ್ಲಿ ಫೋಟೋ ಕೇಳಿದಾಗಲೆಲ್ಲ ಆಕೆ ಸಿಂಹದ ಬೆನ್ನನ್ನೋ ಪಂಜವನ್ನೋ ಕಳಿಸುತ್ತಿದ್ದಳು.

ಉತ್ಸವಕ್ಕೆ ಇನ್ನು ಹನ್ನೊಂದು ದಿನ ಇರುವಾಗ ಗುಡಿಯವರು ನೋಡಲು ಬಂದರು. ಅಧ್ಯಕ್ಷ ಚಿಕ್ಕಬೈರಪ್ಪ, ಆತನ ಹಿಂದೆ ವಿಜಯಕುಮಾರ್. ಇಬ್ಬರದೂ ಇಸ್ತ್ರಿ ಮಾಡಿದ ಬಿಳಿ ಅಂಗಿ. ರುದ್ರಮ್ಮ ಮುಖದ ಬಟ್ಟೆ ತೆಗೆದಳು. ಇಬ್ಬರೂ ಒಂದು ಹೆಜ್ಜೆ ಹಿಂದೆ ಸರಿದು ನೋಡಿದರು.

"ಏನಮ್ಮ ಇದು?" ಎಂದ ಚಿಕ್ಕಬೈರಪ್ಪ. "ಸಿಂಹ ಯಾಕೆ ನೆಲ ನೋಡ್ತೈತೆ? ಕಳ್ಳತನ ಮಾಡಿ ಸಿಕ್ಕಿಹಾಕ್ಕೊಂಡವನ ಥರಾ?"

"ತಲೆನೂ ದಪ್ಪ ಅನ್ಸುತ್ತೆ ಸಾರ್" ಎಂದ ವಿಜಯಕುಮಾರ್.

ರುದ್ರಮ್ಮ ನಕ್ಕಳು. ಈ ಮಾತು ಬರುತ್ತದೆಂದು ಆಕೆಗೆ ಗೊತ್ತಿತ್ತು. "ಅಧ್ಯಕ್ಷರೇ, ನಿಂತ್ಕೊಂಡು ನೋಡಿದ್ರೆ ಹಂಗೇಯ. ಇಲ್ಲಿ ಮಲಕ್ಕೊಂಡು ನೋಡಿ. ಹೆಗಲ ಮ್ಯಾಲೆ ಹೋದಾಗ ಹೆಂಗ್ ಕಾಣ್ತದೋ ಹಂಗ್ ಕಾಣ್ತದೆ."

ಬಿಳಿ ಅಂಗಿಯವರು ಹೊಟ್ಟಿನ ಕಡೆ ನೋಡಿದರು. ಯಾರೂ ಮಲಗಲಿಲ್ಲ. ಚಿಕ್ಕಬೈರಪ್ಪ ಕೇಳಿದ: "ಹೆಗಲು ಅಂದ್ರೆ? ನಾವೀಗ ಹೊರಲ್ಲ ಕಣಮ್ಮ ರುದ್ರಮ್ಮ. ಹೊರೋಕೆ ಜನ ಎಲ್ಲವ್ರೆ? ನಾಕು ವರ್ಷ ಆಯ್ತು, ಚಕ್ರದ ಗಾಡಿ ಮಾಡಿಸಿದೀವಿ. ಮೊಣಕಾಲೆತ್ತರ. ಅದ್ರ ಮೇಲಿಟ್ಟು ತಳ್ಕೊಂಡು ಹೋಗ್ತೀವಿ."

ಐದು ತಿಂಗಳಲ್ಲಿ ಈ ಒಂದು ಮಾತನ್ನು ರುದ್ರಮ್ಮ ಅವರನ್ನು ಕೇಳಿರಲಿಲ್ಲ. ಯಾಕೆ ಕೇಳಬೇಕು? ವಾಹನವನ್ನು ಹೊರುತ್ತೀರಾ ಎಂದು ಯಾರಾದರೂ ಕೇಳುತ್ತಾರೆಯೇ? ಅನ್ನ ಬೇಯಿಸಿ ತಿನ್ನುತ್ತೀರಾ ಎಂದು ಕೇಳಿದ ಹಾಗಾಗುತ್ತಿತ್ತು. ನುಣ್ಣಗಾದ ತೊಲೆ ನೋಡಿ ಆಕೆ ನಂಬಿಬಿಟ್ಟಿದ್ದಳು. ಆಕೆ ಅಳತೆಗೆ ಹೋದ ದಿನ ಗಾಡಿ ವೆಲ್ಡಿಂಗಿಗೆ ಹೋಗಿತ್ತಂತೆ.

ವಿಜಯಕುಮಾರ್ ಆಗಲೇ ಮೊಬೈಲಿನಲ್ಲಿ ಒಂದು ಫೋಟೋ ತೋರಿಸುತ್ತಿದ್ದ. ಬಾಡಿಗೆಗೆ ಸಿಗುವ ಫೈಬರ್ ಸಿಂಹ. "ಸದ್ಯಕ್ಕೆ ಇದನ್ನ ತರಿಸ್ಕೊಳ್ಳೋಣ ಸಾರ್. ಕಣ್ಣಲ್ಲಿ ಲೈಟ್ ಬರುತ್ತೆ. ಸ್ವಿಚ್ ಹಾಕಿದ್ರೆ ಬಾಯಲ್ಲಿ ಹೊಗೆನೂ ಬರುತ್ತೆ."

"ಹೊಗೆ ಬಂದ್ರೆ ಅಮ್ಮನ್ನ ಕೂರಿಸ್ತೀರೋ ಸೊಳ್ಳೆ ಓಡಿಸ್ತೀರೋ?" ಎಂದಳು ರುದ್ರಮ್ಮ. ಅಂದದ್ದೇನೋ ಅಂದಳು, ಆದರೆ ಅವರು ಹೋದ ಮೇಲೆ ಸ್ಟೂಲಿನ ಮೇಲೆ ಕುಸಿದು ಕೂತಳು. ಯಲ್ಲಯ್ಯ ಕೊಟ್ಟ ಟೀ ಆರಿ ತಣ್ಣಗಾಯಿತು.

ಮಾರನೇ ಬೆಳಿಗ್ಗೆ ಯಲ್ಲಯ್ಯ ಮೆಲ್ಲಗೆ ಹೇಳಿದ: "ಕಣ್ಣು ಒಂಚೂರು ಮ್ಯಾಕ್ಕೆತ್ತಿ ಕೆತ್ತಿಬಿಡು ರುದ್ರಿ. ಯಾರಿಗ್ ಗೊತ್ತಾಗುತ್ತೆ?"

"ಕಣ್ಣು ಮ್ಯಾಲೆ, ಹುಬ್ಬು ಕೆಳಗೆ. ಕುಡಿದು ಚರಂಡಿ ಪಕ್ಕ ಕುಂತವರ ಮುಖ ನೋಡಿದೀರಾ? ಅಂಗಾಗ್ತದೆ."

"ಹುಬ್ಬಿಗೆ ಒಂದು ಚೂರು ಮರ ಅಂಟಿಸಿದ್ರೆ?"

"ಮುಖಕ್ಕೆ ತೇಪೆ ಹಾಕ್ತಾರೇನ್ರೀ? ನಿಮ್ಮ ಮುಖಕ್ಕೆ ಹಾಕ್ಲಾ?"

ಬೈದಳು ನಿಜ, ಆದರೂ ಉಳಿ ತೆಗೆದುಕೊಂಡಳು. ಸಿಂಹದ ಬಲಗಣ್ಣಿಗೆ ಅದರ ತುದಿ ಇಟ್ಟಳು. ಕೊಡತಿ ಎತ್ತಿದಳು. ಎಷ್ಟು ಹೊತ್ತು ಹಾಗೇ ಹಿಡಿದಿದ್ದಳೋ, ಒಲೆಯ ಮೇಲಿನ ಯಲ್ಲಯ್ಯನ ಟೀ ಉಕ್ಕಿಹೋಯಿತು. ಕೊನೆಗೆ ಕೊಡತಿಯನ್ನು ಕೆಳಗಿಟ್ಟಳು. ಸರಿಯಾಗಿರುವುದನ್ನು ಕೆಡಿಸಿ ಒಪ್ಪಿಸಲು ಆಕೆಯ ಕೈ ಒಪ್ಪಲಿಲ್ಲ. ಸೀರೆಯ ಹೊಟ್ಟು ಕೊಡವಿಕೊಂಡು, ಸೀದಾ ಬಸ್ ಹತ್ತಿ ಬನಶಂಕರಿಗೆ ಹೊರಟಳು.

ಚಿಕ್ಕಬೈರಪ್ಪನ ಮನೆ ಎಂದರೆ ನಾಲ್ಕು ಅಂತಸ್ತು. ಮೇಲಿನ ಮೂರರಲ್ಲಿ ಹೆಣ್ಣುಮಕ್ಕಳ ಪಿಜಿ, ಕೆಳಗೆ ಇವರ ಸಂಸಾರ. ಆತನ ತಂದೆಯ ಕಾಲದಲ್ಲಿ ಅದೇ ಜಾಗದಲ್ಲಿ ರಾಗಿ ಬೆಳೆಯುತ್ತಿತ್ತು. ವರಾಂಡದಲ್ಲಿ ಆತನ ತಾಯಿ ಸೊಣ್ಣಮ್ಮಜ್ಜಿ ಅವರೆಕಾಯಿ ಬಿಡಿಸುತ್ತಾ ಕೂತಿತ್ತು. ಎಂಬತ್ತಾರು ವಯಸ್ಸು, ಕಿವಿ ಮಾತ್ರ ಚುರುಕು.

ರುದ್ರಮ್ಮ ಕೂರಲಿಲ್ಲ. ನಿಂತೇ ಹೇಳಿದಳು: "ಅಧ್ಯಕ್ಷರೇ, ತಪ್ಪು ನಂದೇ. ಗಾಡಿನೋ ಹೆಗಲೋ ಅಂತ ಕೇಳ್ಬೇಕಿತ್ತು, ಕೇಳ್ಲಿಲ್ಲ. ಆದ್ರೆ ಸಿಂಹ ತಪ್ಪಿಲ್ಲ. ಒಂದು ಸಲ, ಒಂದೇ ಸಲ ಹೆಗಲ ಮ್ಯಾಲೆ ಎತ್ತಿ ನೋಡಿ. ಎಂಟು ಹೆಗಲು, ಹತ್ತು ನಿಮಿಷ. ಆಮೇಲೂ ಬ್ಯಾಡ ಅಂದ್ರೆ ಆ ಹೊಗೆ ಸಿಂಹನೇ ತಂದ್ಕೊಳ್ಳಿ, ನಾನು ಬಾಯಿ ಬಿಡಲ್ಲ."

"ಎತ್ತೋರು ಯಾರಮ್ಮ? ನನ್ನ ಮಂಡಿ ನೋಡು, ಮೆಟ್ಟಿಲು ಹತ್ತಕ್ಕಾಗಲ್ಲ."

ಆ ಹೊತ್ತಿಗೆ ಆತನ ಮಗ ಮನೋಜ್ ಒಳಗಿಂದ ಬಂದ. ಇಪ್ಪತ್ತಾರರ ಯುವಕ, ತೋಳು ತೊಡೆಯಷ್ಟು ದಪ್ಪ, ಹೆಗಲಲ್ಲಿ ಜಿಮ್ ಬ್ಯಾಗು. ರುದ್ರಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಅಷ್ಟೊಂದು ಕಬ್ಬಿಣ ಎತ್ತಿ ಎತ್ತಿ ಇಳಿಸ್ತೀಯಲ್ಲಪ್ಪ, ಯಾರ್ಗೋಸ್ಕರ?"

ಮನೋಜ್ ಪೆಚ್ಚಾಗಿ ಅಪ್ಪನ ಮುಖ ನೋಡಿದ. ಅವರೆಕಾಯಿಯ ಮೊರ ಬದಿಗೆ ಸರಿಸಿ ಅಜ್ಜಿ ಬಾಯಿ ತೆರೆಯಿತು.

"ಲೇ ಬೈರ, ನಿಮ್ಮಪ್ಪ ಹೊರೋನು, ನೀನೂ ಹೊತ್ತಿದೀಯ. ಆಗ ಅಮ್ಮ ಬೀದಿಗೆ ಬಂದ್ರೆ ನಮ್ಮನ್ನ ನೋಡೋಳು ಕಣೋ. ಈಗ ಗಾಡಿ ಮ್ಯಾಲೆ ಬತ್ತಾಳೆ, ನಾನೇ ಬಗ್ಗಿ ಅವಳ ತಲೆ ಮ್ಯಾಲಿನ ಹೂವ ನೋಡ್ಬೇಕು. ನಾಕು ವರ್ಸದಿಂದ ಅವಳ ಕಣ್ಣೇ ನಂಗ್ ಸಿಕ್ಕಿಲ್ಲ. ಈಯಮ್ಮ ಕೇಳ್ತಿರೋದು ಹತ್ತು ನಿಮಿಷ. ಎತ್ತುಸ್ಲಾ."

ಅಲ್ಲಿಗೆ ಮಾತು ಮುಗಿಯಿತು. ಅಧ್ಯಕ್ಷಗಿರಿಯೆಲ್ಲ ಗುಡಿಯಲ್ಲಿ. ಮನೆಯಲ್ಲಿ ಸೊಣ್ಣಮ್ಮಜ್ಜಿಯದೇ ನಡೆಯುವುದು.

ಭಾನುವಾರ ಬೆಳಿಗ್ಗೆ ಎಂಟಕ್ಕೆ ಶ್ರೀನಗರದ ಆ ಕ್ರಾಸಿನಲ್ಲಿ ಒಂದು ಕಾರು, ನಾಲ್ಕು ಬೈಕು, ಹಿಂದೆ ತೊಲೆಗಳನ್ನು ಹೊತ್ತ ಒಂದು ಲಗೇಜ್ ಆಟೋ ಬಂದು ನಿಂತವು. ಮನೋಜನ ಜೊತೆ ಅವನ ಜಿಮ್ಮಿನ ಗೆಳೆಯರು, ಬನಿಯನ್ನಿನಂಥ ಟೀ ಶರ್ಟು ಹಾಕಿಕೊಂಡು. ಕೋಲೂರಿಕೊಂಡು ಬಂದ ಅಜ್ಜಿಗೆ ರಸ್ತೆಯಾಚೆ, ಇಸ್ತ್ರಿ ಗಾಡಿಯ ಪಕ್ಕದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿದರು. ಚಿಕ್ಕಬೈರಪ್ಪ ಕೈ ಕಟ್ಟಿಕೊಂಡು ಅಜ್ಜಿಯ ಬಲಕ್ಕೆ ನಿಂತ, ವಿಜಯಕುಮಾರ್ ಎಡಕ್ಕೆ.

ಸಿಂಹವನ್ನು ಹೊರಗೆ ತಂದು ಅದರ ಅಡಿಹಲಗೆಗೆ ತೊಲೆ ಕಟ್ಟಿದ್ದು ಯಲ್ಲಯ್ಯ. ಮೂವತ್ತು ವರ್ಷ ದಿಮ್ಮಿ ಹೊತ್ತವನ ಗಂಟು ಬೇರೆಯವರಿಗೆ ಬರುವುದಿಲ್ಲ. ಕಟ್ಟಿ ಮುಗಿಸಿ ತಲೆ ಎಣಿಸಿದರೆ ಏಳೇ ಜನ. ಎಂಟನೆಯವನು ಬರುತ್ತೇನೆಂದವನು ಫೋನೇ ಎತ್ತುತ್ತಿಲ್ಲ. ಯಲ್ಲಯ್ಯ ಟವಲ್ ಹೆಗಲಿಗೆ ಹಾಕಿಕೊಂಡು ಮುಂದೆ ಬಂದ.

"ಸುಮ್ಕಿರಿ. ಡಾಕ್ಟ್ರು ಭಾರ ಎತ್ತಬ್ಯಾಡಿ ಅಂದವ್ರೆ" ಎಂದು ರುದ್ರಮ್ಮ ಆ ಟವಲ್ ಕಿತ್ತುಕೊಂಡಳು. ಅದನ್ನು ನಾಲ್ಕು ಮಡಿಕೆ ಮಾಡಿ, ಮೇಲೊಂದು ಗೋಣಿಚೀಲ ಮಡಚಿಟ್ಟು ತನ್ನ ಎಡ ಹೆಗಲ ಮೇಲೆ ಇಟ್ಟುಕೊಂಡಳು. ಎತ್ತರ ಸಾಲದು, ಅದಕ್ಕೆ. ಹಿಂದುಗಡೆಯ ಕೊನೆಯ ಜಾಗಕ್ಕೆ ಹೋಗಿ ನಿಂತಳು.

"ಆಂಟಿ, ನೀವಾ?" ಎಂದ ಮನೋಜ್.

"ನಾನಲ್ದೆ? ಇದರ ಭಾರ ನನಗಿಂತ ಯಾರಿಗೆ ಗೊತ್ತು? ಎತ್ರಪ್ಪ!"

ಎತ್ತಿದರು. ಮೊದಲು ಮೊಣಕಾಲಿಗೆ, ಆಮೇಲೆ ಸೊಂಟಕ್ಕೆ, ಆಮೇಲೆ ಒಂದೇ ದಮ್ಮಿಗೆ ಹೆಗಲಿಗೆ. "ಸಖತ್ ಹೆವಿ ಗುರು" ಎಂದು ಮುಂದಿನವನೊಬ್ಬ ಏದುಸಿರು ಬಿಟ್ಟ. "ಆದ್ರೆ ಬ್ಯಾಲೆನ್ಸ್ ನೋಡು ಮಗಾ, ಒಂಚೂರೂ ಆ ಕಡೆ ಈ ಕಡೆ ಎಳೀತಿಲ್ಲ" ಎಂದ ಮನೋಜ್. ದೊಡ್ಡ ತಲೆಯ ಭಾರ ಮುಂದಿನವರ ಮೇಲೇ ಬೀಳದಂತೆ ಹಿಂಗಾಲುಗಳನ್ನು ಟೊಳ್ಳು ಮಾಡದೆ ಗಟ್ಟಿಯಾಗೇ ಬಿಟ್ಟಿದ್ದಳು ರುದ್ರಮ್ಮ. ಅದನ್ನು ಯಾರಿಗೂ ಹೇಳಿರಲಿಲ್ಲ. ಈಗ ಹೆಗಲುಗಳಿಗೆ ತಾನಾಗಿ ಗೊತ್ತಾಯಿತು.

ಎಂಟು ಜನ ರಸ್ತೆಯ ಕಡೆ ತಿರುಗಿ ನಿಂತರು.

ತನ್ನ ಸಿಂಹ ಹೆಗಲ ಮೇಲೆ ಹೇಗೆ ಕಾಣುತ್ತದೆಂದು ನೋಡುವ ಭಾಗ್ಯ ರುದ್ರಮ್ಮನಿಗೆ ಮಾತ್ರ ಇರಲಿಲ್ಲ. ಭಾರಕ್ಕೆ ಕತ್ತು ಬಗ್ಗಿತ್ತು. ಕಾಣುತ್ತಿದ್ದದ್ದು ಮುಂದಿನವರ ಕಾಲುಗಳು, ಆ ಕಾಲುಗಳ ಸಂದಿಯಲ್ಲಿ ರಸ್ತೆ, ರಸ್ತೆಯಾಚೆ ಇನ್ನಷ್ಟು ಕಾಲುಗಳು. ಅಷ್ಟೇ. ಚಿಕ್ಕಬೈರಪ್ಪ ಏನಾದರೂ ಅನ್ನುತ್ತಾನೆಂದು ಕಾದಳು. ಅವನು ಏನೂ ಅನ್ನಲಿಲ್ಲ. ಯಾರೂ ಏನೂ ಅನ್ನಲಿಲ್ಲ. ಇಸ್ತ್ರಿ ಗಾಡಿಯ ರೇಡಿಯೋ ಕೂಡ ಇದ್ದಕ್ಕಿದ್ದಂತೆ ನಿಂತುಹೋಯಿತು. ಹೋಯ್ತು, ಕೆಟ್ಟಿದೆ, ಐದು ತಿಂಗಳು ಹೊಟ್ಟಿನ ಮೇಲೆ ಮಲಗಿ ನೋಡಿದ್ದೆಲ್ಲ ಸುಳ್ಳಾಯ್ತು ಎಂದುಕೊಂಡಳು.

ಆಗ ಕುರ್ಚಿಯ ಮುಂದಿದ್ದ ಎರಡು ಬರಿಗಾಲುಗಳು ಮೆಲ್ಲಗೆ ನೆಲಕ್ಕೆ ಊರಿ ಎದ್ದು ನಿಂತವು. ಕೋಲಿಲ್ಲದೆ ಏಳಲಾರದ ಅಜ್ಜಿ ಕೋಲಿಲ್ಲದೆ ಎದ್ದಿತ್ತು. ಅದರ ಬಲಕ್ಕೆ, ಚಿಕ್ಕಬೈರಪ್ಪನ ಕಂದು ಬಣ್ಣದ ಚರ್ಮದ ಚಪ್ಪಲಿಗಳಿಂದ ಒಂದು ಕಾಲು ಹೊರಬಂತು. ಇನ್ನೊಂದೂ ಬಂತು. ಖಾಲಿ ಚಪ್ಪಲಿಗಳು ಹಿಂದೆ ಉಳಿದವು, ಕಾಲುಗಳು ಟಾರಿನ ಮೇಲೆ ನಿಂತವು. ಇಸ್ತ್ರಿಯವನ ಹವಾಯಿ ಚಪ್ಪಲಿ ಬದಿಗೆ ಸರಿಯಿತು. ಹಾಲು ತರಲು ಹೊರಟಿದ್ದ ಯಾರದೋ ಹೂವಿನ ಸ್ಯಾಂಡಲ್ ಕಳಚಿತು. ವಿಜಯಕುಮಾರ್ ಶೂ ಹಾಕಿಕೊಂಡು ಬಂದಿದ್ದ, ಪಾಪ. ಒಂಟಿಕಾಲಲ್ಲಿ ಕುಣಿಯುತ್ತಾ ಲೇಸು ಬಿಚ್ಚಲು ಒದ್ದಾಡುತ್ತಿದ್ದ.

ಸಿಂಹಕ್ಕೆ ಪೂಜೆಯಾಗಿರಲಿಲ್ಲ. ಬಣ್ಣವಿರಲಿಲ್ಲ. ಅಮ್ಮನನ್ನು ಅದರ ಬೆನ್ನ ಮೇಲೆ ಕೂರಿಸಿಯೂ ಇರಲಿಲ್ಲ. ಬರೀ ಮರ. ರುದ್ರಮ್ಮನ ಕೈ ತಾಗಿದ ಬರೀ ಹಲಸಿನ ಮರ. ಅದಕ್ಕೆ ಬೀದಿಯವರು ಒಬ್ಬೊಬ್ಬರಾಗಿ ಚಪ್ಪಲಿ ಬಿಡುತ್ತಿದ್ದರು.

"ನೋಡ್ತೈತೆ ಕಣೋ ಬೈರ, ನನ್ನೇ ನೋಡ್ತೈತೆ" ಎಂದಿತು ಅಜ್ಜಿಯ ದನಿ.

"ಶುಕ್ರವಾರ ಉತ್ಸವಕ್ಕೆ ಗಾಡಿ ಬ್ಯಾಡ ವಿಜಯಕುಮಾರ್" ಎಂದ ಚಿಕ್ಕಬೈರಪ್ಪ. "ಮಂಡಿ ಹಾಳಾಗೋಗ್ಲಿ. ಗುಡಿ ಬಾಗಿಲಿಂದ ಮೊದಲ ಹತ್ತು ಹೆಜ್ಜೆ ಮುಂದಿನ ಹೆಗಲು ನಂದು. ಆ ಬಾಡಿಗೆಯವನಿಗೆ ಫೋನ್ ಮಾಡಿ ಬ್ಯಾಡ ಅಂದ್ಬಿಡು."

ಹಿಂದುಗಡೆಯ ಕೊನೆಯ ಜಾಗದಲ್ಲಿ ರುದ್ರಮ್ಮನ ಕಣ್ಣು ತುಂಬಿ ಬಂತು. ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ಮೂಗಿನ ತುದಿಯಿಂದ ತೊಟ್ಟಿಕ್ಕಿ ರಸ್ತೆಗೆ ಬಿತ್ತು, ಬೀಳಲಿ ಎಂದು ಬಿಟ್ಟಳು. ಹೆಗಲು ಉರಿಯುತ್ತಿತ್ತು. ಇಷ್ಟು ಸುಖ ಆಕೆಗೆ ಹಿಂದೆ ಯಾವತ್ತೂ ಆಗಿರಲಿಲ್ಲ.

"ಆಂಟಿ, ಇಳಿಸೋಣ್ವಾ? ಹತ್ತು ನಿಮಿಷ ಆಯ್ತು" ಎಂದು ಮುಂದಿನಿಂದ ಮನೋಜ್ ಕೂಗಿದ.

ರಸ್ತೆಯ ಆ ತುದಿಯಿಂದ ಮತ್ತೆರಡು ಜೊತೆ ಕಾಲುಗಳು ಬೇಗಬೇಗ ಬರುತ್ತಿರುವುದು ರುದ್ರಮ್ಮನಿಗೆ ಕಂಡಿತು. ತೊಲೆಯನ್ನು ಇನ್ನೊಮ್ಮೆ ಬಿಗಿಯಾಗಿ ಹಿಡಿದುಕೊಂಡಳು.

"ಇರೋ ಮಗಾ" ಎಂದಳು. "ಇನ್ನೂ ಬರ್ತಾವ್ರೆ. ಅವ್ರೂ ನೋಡ್ಲಿ."